ಅಂಬರ್‌ಗೆ ಅಷ್ಟೊಂದು ಬಣ್ಣ ಎಲ್ಲಿಂದ ಬಂತು?

ಪ್ರಶ್ನೆ: ನಮ್ಮ ದೊಡ್ಡಮ್ಮ ತೀರಿಕೊಂಡ ಮೇಲೆ ಅವರ ಪೆಟ್ಟಿಗೆಯಲ್ಲಿ ಒಂದು ಅಂಬರ್ ಸರ ಸಿಕ್ಕಿತು. ಕೆಲವು ಮಣಿಗಳು ಜೇನಿನಂತೆ ತಿಳಿಯಾಗಿವೆ, ಕೆಲವು ಬೆಣ್ಣೆಯ ಹಾಗೆ ಮಸುಕಾಗಿವೆ, ನಡುವಿನ ದೊಡ್ಡ ಮಣಿ ಮಾತ್ರ ಕಡುಗೆಂಪು. ಅದಕ್ಕೆ ಜೊತೆಯಾಗಲೆಂದು ನಾನೊಂದು ಹಸಿರು ಅಂಬರ್ ಪದಕ ಕೊಂಡೆ. ಮಾರಿದವರು ‘ನೂರಕ್ಕೆ ನೂರು ಸಹಜ’ ಎಂದರು, ನೀಲಿ ಅಂಬರ್ ಕೂಡ ಇದೆ ಎಂದು ತೋರಿಸಿದರು. ಅಂಬರ್ ಕಲ್ಲೋ, ಮರದ ಅಂಟೋ? ಎಲ್ಲಿಂದ ಬರುತ್ತದೆ? ಒಂದೇ ವಸ್ತುವಿಗೆ ಇಷ್ಟು ಬಣ್ಣ ಹೇಗೆ? ಬಣ್ಣ ನೋಡಿ ಅದು ಯಾವ ದೇಶದ್ದೆಂದು ಹೇಳಬಹುದೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸಿಬಿಡುತ್ತೇನೆ. ಬಣ್ಣ ನೋಡಿ ದೇಶ ಹೇಳಲು ಆಗುವುದಿಲ್ಲ. ಏಕೆ ಆಗುವುದಿಲ್ಲ ಎಂಬುದು ತಿಳಿದರೆ ನಿಮ್ಮ ಉಳಿದ ಪ್ರಶ್ನೆಗಳಿಗೂ ದಾರಿ ಸಿಗುತ್ತದೆ.

ಮಾಣಿಕ್ಯದ ಕೆಂಪಿಗೆ ಕಾರಣ ಕ್ರೋಮಿಯಂ. ನೀಲದ ನೀಲಿಗೆ ಕಬ್ಬಿಣ ಮತ್ತು ಟೈಟೇನಿಯಂ. ಅಲ್ಲೆಲ್ಲ ಹರಳಿನೊಳಗೆ ಸೇರಿಕೊಂಡ ಲೋಹವೇ ಬಣ್ಣ ಕೊಡುತ್ತದೆ. ಅಂಬರ್‌ನ ಕಥೆ ಬೇರೆ. ಮರದಿಂದ ಒಸರಿದ ದಿನ ಅದರೊಳಗೆ ಗಾಳಿ ಸೇರಿತೇ, ತೊಗಟೆಯ ಪುಡಿ ಸೇರಿತೇ, ನೆಲದಡಿ ಎಷ್ಟು ಬಿಸಿ ಕಂಡಿತು, ಹೊರತೆಗೆದ ಮೇಲೆ ಎಷ್ಟು ವರ್ಷ ಗಾಳಿಗೆ ಮೈಯೊಡ್ಡಿತು, ಯಾರಾದರೂ ಅದನ್ನು ಒಲೆಗೆ ಹಾಕಿದರೇ ಎಂಬುದೆಲ್ಲ ಸೇರಿ ಬಣ್ಣವಾಗಿದೆ. ಆ ವಸ್ತು ಏನನ್ನೆಲ್ಲ ಕಂಡು ಬಂತು ಎಂಬುದನ್ನು ಬಣ್ಣ ಹೇಳುತ್ತದೆ, ಎಲ್ಲಿ ಹುಟ್ಟಿತು ಎಂಬುದನ್ನಲ್ಲ.

ಈಗ ಕಲ್ಲೋ ಅಂಟೋ ಎಂಬ ಮಾತು. ಎರಡೂ ಅಲ್ಲ. ಅಂಬರ್ ಎಂದರೆ ಪಳೆಯುಳಿಕೆಯಾದ ರಾಳ. ಅಂಟು ಬೇರೆ, ರಾಳ ಬೇರೆ: ಅಂಟು ನೀರಿನಲ್ಲಿ ಕರಗುತ್ತದೆ ಅಥವಾ ಉಬ್ಬುತ್ತದೆ, ರಾಳಕ್ಕೆ ನೀರು ತಾಗುವುದೇ ಇಲ್ಲ. ಮರದೊಳಗೆ ಆಹಾರ ಸಾಗಿಸುವ ರಸವೂ ಅದಲ್ಲ. ಕೊಂಬೆ ಮುರಿದಾಗ, ಹುಳು ತೊಗಟೆ ಕೊರೆದಾಗ ಗಾಯ ಮುಚ್ಚಲು, ಹುಳುವನ್ನೂ ಬೂಸ್ಟನ್ನೂ ದೂರವಿಡಲು ಮರ ರಾಳ ಸುರಿಸುತ್ತದೆ. ಹೊಸ ರಾಳದಲ್ಲಿ ಟರ್ಪೀನ್‌ನಂಥ ಹಗುರ ದ್ರವ್ಯಗಳಿರುತ್ತವೆ. ಪೈನ್ ಕಾಡಿನಲ್ಲಿ ಮೂಗಿಗೆ ಬಡಿಯುವ ಪರಿಮಳ ಅವುಗಳದೇ. ಅವು ಆರಿಹೋದಂತೆ ಉಳಿದ ಅಣುಗಳು ಒಂದಕ್ಕೊಂದು ಕೈಹಿಡಿದು ಉದ್ದ ಸರಪಳಿಯಾಗುತ್ತವೆ, ಅಂದರೆ ಪಾಲಿಮರ್ ಆಗುತ್ತವೆ. ಗಾಳಿಗೆ ಬಿದ್ದ ರಾಳ ಕೊನೆಗೆ ಒಡೆದು ಪುಡಿಯಾಗುತ್ತದೆ. ಕೆಸರಿನಲ್ಲಿ, ಮರಳಿನಲ್ಲಿ, ಕಲ್ಲಿದ್ದಲ ಪದರದಲ್ಲಿ ಹೂತು ಆಮ್ಲಜನಕದಿಂದ ತಪ್ಪಿಸಿಕೊಂಡದ್ದು ಮಾತ್ರ ಲಕ್ಷಾಂತರ, ಕೋಟ್ಯಂತರ ವರ್ಷ ನಿಧಾನವಾಗಿ ಗಟ್ಟಿಯಾಗುತ್ತ ಹೋಗುತ್ತದೆ. ಪೂರ್ತಿ ಮಾಗದ, ನಡುಹಾದಿಯ ರಾಳಕ್ಕೆ ಕೋಪಲ್ ಎಂದು ಹೆಸರು. ಈ ಹೆಸರು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಅಂಬರ್‌ನಲ್ಲಿ ಹರಳಿನ ರಚನೆ ಇಲ್ಲ, ಆದ್ದರಿಂದ ಅದು ಖನಿಜವಲ್ಲ. ಆದರೂ ಮುತ್ತು, ಹವಳಗಳ ಸಾಲಿನಲ್ಲಿ, ಜೀವಿಮೂಲದ ರತ್ನವಾಗಿ ಅದಕ್ಕೆ ಸಾವಿರಾರು ವರ್ಷಗಳಿಂದ ಸ್ಥಾನವಿದೆ. ಮೋಸ್ ಮಾಪಕದಲ್ಲಿ ಅದರ ಗಡಸುತನ 2ರಿಂದ 2.5, ಹೆಚ್ಚುಕಡಿಮೆ ನಮ್ಮ ಉಗುರಿನಷ್ಟು. ಸಾಂದ್ರತೆ ನೀರಿಗಿಂತ ಕೂದಲೆಳೆಯಷ್ಟು ಹೆಚ್ಚು, 1.05ರಿಂದ 1.10. ಮುಟ್ಟಿದರೆ ಕಲ್ಲಿನ ತಣ್ಣಗಿನ ಅನುಭವ ಆಗುವುದಿಲ್ಲ, ಬೆಚ್ಚಗಿರುತ್ತದೆ. ಉಣ್ಣೆಗೆ ಉಜ್ಜಿದರೆ ಒಣಹುಲ್ಲಿನ ಎಸಳನ್ನು ತನ್ನತ್ತ ಎಳೆದುಕೊಳ್ಳುತ್ತದೆ. ತೃಣಮಣಿ ಎಂಬ ಸಂಸ್ಕೃತ ಹೆಸರೂ, ಹುಲ್ಲು ಕದಿಯುವುದು ಎಂಬ ಅರ್ಥದ ಕಹರುಬಾ ಎಂಬ ಪಾರಸಿ ಹೆಸರೂ ಈ ಗುಣದಿಂದಲೇ ಬಂದವು. ಗ್ರೀಕರು ಅದನ್ನು ಎಲೆಕ್ಟ್ರಾನ್ ಎಂದರು. 1600ರಲ್ಲಿ ವಿಲಿಯಂ ಗಿಲ್ಬರ್ಟ್ ಆ ಹೆಸರಿನಿಂದ ಕಟ್ಟಿದ ಪದವೇ ಇಂದಿನ ಎಲೆಕ್ಟ್ರಿಸಿಟಿಯ ಮೂಲ. ಅಂಬರ್ ಎಂಬ ಹೆಸರಿಗೂ ನಮ್ಮ ಆಕಾಶದ ಅಂಬರಕ್ಕೂ ಸಂಬಂಧವಿಲ್ಲ; ಅದು ಅರಬ್ಬಿಯಿಂದ ಬಂದದ್ದು.

ಎಲ್ಲಿಂದ ಬರುತ್ತದೆ ಎಂದರೆ ಮೊದಲು ಹೇಳಬೇಕಾದ್ದು ಬಾಲ್ಟಿಕ್ ಸಮುದ್ರದ ದಕ್ಷಿಣ ಮತ್ತು ಪೂರ್ವ ದಂಡೆಗಳನ್ನು. ರಷ್ಯದ ಕಲಿನಿನ್‌ಗ್ರಾಡ್ ಪ್ರದೇಶದ ಯಂತಾರ್ನಿಯಲ್ಲಿ ತೆರೆದ ಗಣಿಯಿದೆ. ಯಂತಾರ್ ಎಂದರೆ ರಷ್ಯನ್ ಭಾಷೆಯಲ್ಲಿ ಅಂಬರ್ ಎಂದೇ ಅರ್ಥ. ಅಲ್ಲಿ ಅಂಬರ್ ಸಿಗುವ ಪದರವನ್ನು ನೀಲಿ ಮಣ್ಣು ಎನ್ನುತ್ತಾರೆ. ಗ್ಲಾಕೊನೈಟ್ ಎಂಬ ಹಸಿರು ಖನಿಜ ಬೆರೆತು ಹಸಿಯಿದ್ದಾಗ ಹಸಿರು-ನೀಲಿ ಛಾಯೆ ಕಾಣುವ ಮಣ್ಣು ಅದು. ಇದು ಸಮುದ್ರದ ತಳದಲ್ಲಿ ಕೂತ ಮಣ್ಣು, ಕಾಡಿನ ಮಣ್ಣಲ್ಲ. ಅಂದರೆ ರಾಳ ಹುಟ್ಟಿದ್ದು ಅಲ್ಲಲ್ಲ. ಉತ್ತರದ ಕಾಡುಗಳಲ್ಲಿ ಒಸರಿ, ಹೊಳೆಗಳಲ್ಲಿ ಕೊಚ್ಚಿಬಂದು ಅಲ್ಲಿ ಹೂತುಹೋಯಿತು. ಅದರ ವಯಸ್ಸು ಸುಮಾರು 3.4ರಿಂದ 4.8 ಕೋಟಿ ವರ್ಷ. ಇಷ್ಟು ಹೇರಳವಾಗಿ ಸಿಗುವ ಅಂಬರ್ ಯಾವ ಮರದ್ದು ಎಂಬ ಜಗಳ ಮಾತ್ರ ಇನ್ನೂ ಬಗೆಹರಿದಿಲ್ಲ. ಪೈನ್ ಎಂದು ಬಹುಕಾಲ ನಂಬಿದ್ದರು, 2009ರಲ್ಲಿ ಜಪಾನಿನ ಛತ್ರಿ ಪೈನ್‌ನ ಕುಟುಂಬದ ಮರಗಳತ್ತ ಬೆರಳು ತೋರಿಸಿದ ಸಂಶೋಧನೆ ಪ್ರಕಟವಾಯಿತು.

ಬಿರುಗಾಳಿ ಎದ್ದ ಮಾರನೆಯ ದಿನ ಬಾಲ್ಟಿಕ್ ದಂಡೆಯಲ್ಲಿ ಅಂಬರ್ ಆಯುವುದು ಇಂದಿಗೂ ನಡೆದಿದೆ. ಅಂಬರ್ ಕಡಲಿನಲ್ಲಿ ತೇಲುತ್ತದೆ ಎಂದು ಎಷ್ಟೋ ಕಡೆ ಬರೆದಿರುತ್ತಾರೆ. ಅದು ಸರಿಯಲ್ಲ. ಬಾಲ್ಟಿಕ್‌ನ ನೀರಿಗೆ ಉಪ್ಪು ಬಹಳ ಕಡಿಮೆ, ಅದರಲ್ಲಿ ಅಂಬರ್ ನಿಧಾನವಾಗಿ ಮುಳುಗುತ್ತದೆ. ಹಗುರವಾದ್ದರಿಂದ ಅಲೆಗಳು ತಳ ಕಲಕಿದಾಗ ಮೇಲೆದ್ದು, ಪಾಚಿ-ಕಟ್ಟಿಗೆ ಚೂರುಗಳ ಜೊತೆ ದಡಕ್ಕೆ ಬರುತ್ತದೆ.

ಎರಡನೆಯ ದೊಡ್ಡ ನೆಲೆ ಡೊಮಿನಿಕನ್ ಗಣರಾಜ್ಯ. ಅಲ್ಲಿನದು ಸೂಜಿಯೆಲೆಯ ಮರದ ರಾಳವಲ್ಲ, ಹುರುಳಿ-ತೊಗರಿಯ ಕುಟುಂಬಕ್ಕೆ ಸೇರಿದ, ಅಗಲ ಎಲೆಯ ಹೈಮೆನಿಯ ಎಂಬ ಜಾತಿಯಲ್ಲಿ ಈಗ ಅಳಿದುಹೋದ ಒಂದು ಮರದ್ದು. ವಯಸ್ಸು ಒಂದೂವರೆಯಿಂದ ಎರಡು ಕೋಟಿ ವರ್ಷ. ಮೆಕ್ಸಿಕೋದ ಚಿಯಾಪಸ್‌ನ ಅಂಬರ್ ಕೂಡ ಅದೇ ಜಾತಿಯ ಇನ್ನೊಂದು ಮರದ್ದು. ಲೆಬನಾನ್‌ನಲ್ಲಿ 12 ಕೋಟಿ ವರ್ಷ ದಾಟಿದ ಅಂಬರ್ ಇದೆ, ಆದರೆ ಬಿರುಕು ಹೆಚ್ಚು; ಆಭರಣಕ್ಕಿಂತ ಅದರೊಳಗಿನ ಕೀಟಗಳಿಗಾಗಿ ವಿಜ್ಞಾನಿಗಳಿಗೆ ಬೇಕು. ಗುಜರಾತಿನ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ ಸಿಕ್ಕ, ಐದು ಕೋಟಿ ವರ್ಷಕ್ಕೂ ಹಳೆಯದಾದ ಅಂಬರ್ ಸಾಲವೃಕ್ಷದ ಕುಟುಂಬದ್ದು. ರತ್ನವಾಗಿ ಅದಕ್ಕೆ ಹೆಸರಿಲ್ಲ, ಆದರೆ ಆ ಕುಟುಂಬದ ಕಾಡುಗಳು ಅಷ್ಟು ಹಿಂದೆಯೇ ಇದ್ದವು ಎಂಬುದಕ್ಕೆ ಅದು ಸಾಕ್ಷಿ.

ಮ್ಯಾನ್ಮಾರ್‌ನ ಅಂಬರ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಕಚಿನ್ ರಾಜ್ಯದ ಹುಕಾಂಗ್ ಕಣಿವೆಯ ಈ ಅಂಬರ್ ಸುಮಾರು 9.9 ಕೋಟಿ ವರ್ಷ ಹಳೆಯದು, ಡೈನೊಸಾರ್‌ಗಳ ಕಾಲದ್ದು. ಉಳಿದವಕ್ಕಿಂತ ತುಸು ಗಟ್ಟಿ. ಹುಟ್ಟುಗುಣವಾಗಿಯೇ ಕೆಂಪು ಬರುವ ಅಂಬರ್ ಎಂದರೆ ನನಗೆ ಮೊದಲು ನೆನಪಾಗುವುದು ಇದೇ. 2016ರಲ್ಲಿ ಗರಿ ಸಮೇತ ಡೈನೊಸಾರ್ ಬಾಲದ ತುಂಡೊಂದನ್ನು ವರ್ಣಿಸಿದ್ದೂ ಈ ಅಂಬರ್‌ನೊಳಗೆ. ಆದರೆ ಆ ಕಣಿವೆ ಯುದ್ಧಭೂಮಿ. 2017ರಲ್ಲಿ ಸೇನೆ ಗಣಿ ಪ್ರದೇಶವನ್ನು ವಶಪಡಿಸಿಕೊಂಡಿತು, ಜನ ಊರು ಬಿಟ್ಟರು. 2020ರಲ್ಲಿ ಕಶೇರುಕ ಪಳೆಯುಳಿಕೆ ತಜ್ಞರ ಅಂತಾರಾಷ್ಟ್ರೀಯ ಸಂಘವೇ, ಅಲ್ಲಿಂದ ಹೊಸದಾಗಿ ಬಂದ ಅಂಬರ್ ಮೇಲಿನ ಪ್ರಬಂಧಗಳನ್ನು ಪ್ರಕಟಿಸಬೇಡಿ ಎಂದು ವಿಜ್ಞಾನ ಪತ್ರಿಕೆಗಳಿಗೆ ಮನವಿ ಮಾಡಿತು. ಆಭರಣಕ್ಕಾಗಿ ಆ ಅಂಬರ್ ಕೊಳ್ಳಲೇ ಎಂದು ಯಾರು ಕೇಳಿದರೂ ಬೇಡ ಎನ್ನುತ್ತೇನೆ.

ಇನ್ನು ಬಣ್ಣ. ನಿಮ್ಮ ಸರದ ಬೆಣ್ಣೆಬಣ್ಣದ ಮಣಿಗಳಿಂದಲೇ ಹೊರಡೋಣ, ಏಕೆಂದರೆ ಜನ ಹೆಚ್ಚು ಅನುಮಾನಪಡುವುದು ಅವುಗಳನ್ನೇ. ತಿಳಿಯಾದದ್ದು ಅಸಲಿ, ಮಸುಕಾದದ್ದು ಪ್ಲಾಸ್ಟಿಕ್ ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಒಂದು ಬಿಳಿ ಅಂಬರ್ ಚೂರನ್ನು ತೆಳುವಾಗಿ ಉಜ್ಜಿ ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ನನಗೆ ಕಂಡದ್ದು ಬಿಳಿ ವಸ್ತುವೇ ಅಲ್ಲ. ತಿಳಿಹಳದಿ ಗಾಜಿನಂಥ ರಾಳ, ಅದರ ತುಂಬ ದುಂಡು ದುಂಡು ಗುಳ್ಳೆಗಳು, ಒಂದರ ಹೆಗಲ ಮೇಲೆ ಒಂದು. ಫೋಕಸ್ ತಿರುಗಿಸಿದಷ್ಟೂ ಕೆಳಗಿನಿಂದ ಹೊಸ ಪದರ ಮೇಲೇಳುತ್ತದೆ, ಮುಗಿಯುವುದೇ ಇಲ್ಲ. ಗುಳ್ಳೆಗಳು ಮಿಲಿಮೀಟರಿನ ಸಾವಿರದ ಒಂದೆರಡು ಪಾಲಿನಷ್ಟು ಸಣ್ಣವು. ಮೂಳೆಬಿಳುಪಿನ ಅಂಬರ್‌ನಲ್ಲಿ ಒಂದು ಚದರ ಮಿಲಿಮೀಟರಿಗೆ ಒಂಬತ್ತು ಲಕ್ಷದವರೆಗೂ ಲೆಕ್ಕ ಹಾಕಿದ್ದಾರೆ. ನೀರಿಗೆ ಬಣ್ಣವಿಲ್ಲ, ಅಲೆಯ ನೊರೆ ಬೆಳ್ಳಗಿರುತ್ತದಲ್ಲ, ಇಲ್ಲಿ ನಡೆಯುವುದೂ ಅದೇ. ಒಳಹೊಕ್ಕ ಬೆಳಕು ಗುಳ್ಳೆಯಿಂದ ಗುಳ್ಳೆಗೆ ಚದುರಿ ಎಲ್ಲ ದಿಕ್ಕಿಗೂ ಹಿಂದಿರುಗುತ್ತದೆ. ಗುಳ್ಳೆ ದೊಡ್ಡದಾಗಿ ವಿರಳವಾದಂತೆ ಬಿಳುಪು ಕಳೆದು ಬೆಣ್ಣೆಯ ಹಳದಿ, ಮಂಜು ಕವಿದ ಹಳದಿ, ಕೊನೆಗೆ ತಿಳಿಹಳದಿ. ಒಂದೇ ತುಂಡಿನಲ್ಲಿ ಇವೆಲ್ಲ ಮೋಡದ ಹಾಗೆ ಸುತ್ತಿಕೊಂಡಿರುವುದೂ ಉಂಟು. ನನ್ನ ಕಣ್ಣಿಗೆ ಅದಕ್ಕಿಂತ ಚೆಲುವಾದ ಅಂಬರ್ ಬೇರೆ ಇಲ್ಲ.

ಗುಳ್ಳೆಯೇ ಕಾರಣವಾದರೆ ಗುಳ್ಳೆ ತುಂಬಿಸಿ ತಿಳಿ ಮಾಡಬಹುದಲ್ಲವೇ? ಮಾಡಬಹುದು, ಎರಡು ಸಾವಿರ ವರ್ಷಗಳಿಂದ ಮಾಡುತ್ತಲೇ ಇದ್ದಾರೆ. ಹಂದಿಮರಿಯ ಕೊಬ್ಬಿನಲ್ಲಿ ಅಂಬರ್ ಕುದಿಸುವುದನ್ನು ರೋಮಿನ ಪ್ಲಿನಿ ಮೊದಲ ಶತಮಾನದಲ್ಲೇ ಬರೆದಿಟ್ಟಿದ್ದಾನೆ. ಅದು ಮರದ ರಾಳವೆಂದು ಸರಿಯಾಗಿ ಹೇಳಿದವನೂ ಅವನೇ. ಆಮೇಲೆ ಎಣ್ಣೆಯಲ್ಲಿ ನಿಧಾನವಾಗಿ ಕಾಯಿಸುವ ಪದ್ಧತಿ ಬಂತು. ಈಗ ಆಟೊಕ್ಲೇವ್ ಎಂಬ ಒತ್ತಡದ ಪಾತ್ರೆಯಲ್ಲಿ ನೈಟ್ರೋಜನ್‌ನಂಥ ಅನಿಲದ ನಡುವೆ ಬಿಸಿಮಾಡುತ್ತಾರೆ. ಬಿಸಿಯ ಕೆಲಸಕ್ಕೆ ಒಂದು ಗುರುತು ಉಳಿಯುತ್ತದೆ: ಒಳಗೆ ತಾವರೆ ಎಲೆಯಾಕಾರದ, ಮಿನುಗುವ ದುಂಡು ಬಿರುಕುಗಳು. ವ್ಯಾಪಾರದಲ್ಲಿ ಸೂರ್ಯನ ಮಿಂಚು ಎಂದು ಹೊಗಳುವ ಈ ಬಿರುಕುಗಳು ಗುಳ್ಳೆಗಳ ಸುತ್ತ ಬಿಸಿಯ ಒತ್ತಡಕ್ಕೆ ಒಡೆದ ಜಾಗಗಳು. ಸಹಜವಾಗಿ ಇಂಥ ಬಿರುಕು ಬೀಳುವುದೇ ಇಲ್ಲವೆಂದಲ್ಲ, ಆದರೆ ಮಾಲೆಯ ಪ್ರತಿ ಮಣಿಯಲ್ಲೂ ಮಿನುಗುತ್ತಿದ್ದರೆ ಅದು ಒಲೆಯದೇ.

ಕೆಂಪಿನ ಗುಟ್ಟು ಗಾಳಿಯಲ್ಲಿದೆ. ಗಾಳಿ, ಬೆಳಕು ತಾಗಿದ ಅಂಬರ್‌ನ ಮೇಲ್ಮೈ ಆಮ್ಲಜನಕದ ಜೊತೆ ಸೇರುತ್ತ ಹೋಗುತ್ತದೆ. ಹಳದಿ ಮೊದಲು ಕಿತ್ತಳೆಯಾಗಿ, ತಲೆಮಾರುಗಳು ಉರುಳಿದಂತೆ ಕೆಂಗಂದಾಗುತ್ತದೆ. ಅಗೆತಗಳಲ್ಲಿ ಸಿಗುವ ಪುರಾತನ ಮಣಿಗಳು ಬಹುತೇಕ ಕೆಂಪಾಗಿ, ಮೈತುಂಬ ಸಣ್ಣ ಬಿರುಕುಬಲೆ ಹೊತ್ತಿರುವುದು ಇದರಿಂದಲೇ. ಇದು ಮೇಲಿನ ತೆಳುಪೊರೆಯಷ್ಟೇ. ಒಡೆದ ಹಳೆಯ ಮಣಿಯೊಂದರ ಮುಖ ನೋಡಿದರೆ ಹೊರಗೆ ಕೆಂಪು ಸಿಪ್ಪೆ, ಒಳಗೆ ಮೊದಲಿನ ಹಳದಿ ಹಾಗೇ ಕೂತಿರುತ್ತದೆ. ಇದೇ ಕೆಲಸವನ್ನು ಗಾಳಿಯಾಡುವ ಒಲೆಯಲ್ಲಿ ಬೇಗ ಮಾಡಿಮುಗಿಸಬಹುದು, ಮಾರುಕಟ್ಟೆಯ ಕೆಂಪು ಬಾಲ್ಟಿಕ್ ಅಂಬರ್‌ನಲ್ಲಿ ಹೆಚ್ಚಿನದು ಹಾಗೆ ಬಂದದ್ದು.

ಕಪ್ಪು ಕಂಡರೆ ಎರಡು ಸಾಧ್ಯತೆ. ತೊಗಟೆಯ ಪುಡಿ, ಮಣ್ಣು ದಟ್ಟವಾಗಿ ಸೇರಿಕೊಂಡ ಅಂಬರ್ ಕಪ್ಪಾಗಿ ಕಾಣುತ್ತದೆ, ಬಲವಾದ ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಕಂದು ಇಣುಕುತ್ತದೆ. ಕಪ್ಪು ಅಂಬರ್ ಎಂಬ ಹೆಸರಿನಲ್ಲಿ ಮಾರುವ ಜೆಟ್ ಮಾತ್ರ ಅಂಬರ್ ಅಲ್ಲವೇ ಅಲ್ಲ, ಅದು ನೆಲದಡಿ ಕಲ್ಲಿದ್ದಲಿನಂತಾದ ಕಟ್ಟಿಗೆ.

ಇನ್ನು ನೀವು ಕೊಂಡ ಹಸಿರು ಪದಕ. ಬೇಸರ ಮಾಡಿಕೊಳ್ಳಬೇಡಿ, ಆದರೆ ನೇರವಾಗಿ ಹೇಳಬೇಕು. ಎಲೆಹಸಿರಿನಂತೆ ಒಂದೇ ಸಮನಾಗಿ ತಿಳಿಯಾಗಿರುವ ಅಂಬರ್ ಪ್ರಕೃತಿಯಲ್ಲಿ ಹಾಗೇ ಸಿಕ್ಕಿತೆಂದು ನಾನು ಒಪ್ಪುವುದಿಲ್ಲ. ಡೊಮಿನಿಕನ್ ಮತ್ತು ಮೆಕ್ಸಿಕನ್ ಅಂಬರ್‌ನಲ್ಲಿ ಹಸಿರು ಛಾಯೆ ಸಹಜವಾಗಿ ಬರುತ್ತದೆ ನಿಜ, ಅದು ಬಿಸಿಲಿಗೆ ಹೊಳೆಯುವ ಛಾಯೆ. ಕಡುಹಸಿರು ಬೇಕೆಂದರೆ ಎರಡು ದಾರಿ. ಒಂದು, ಹಳದಿ ಅಂಬರ್‌ನ ಬೆನ್ನಿಗೆ ಕಪ್ಪು ಬಳಿಯುವುದು ಅಥವಾ ಬೆನ್ನನ್ನು ಸುಟ್ಟು ಕಪ್ಪಾಗಿಸುವುದು, ಮುಂದಿನಿಂದ ಹಸಿರು ಕಾಣುತ್ತದೆ. ಪದಕವನ್ನು ತಿರುಗಿಸಿ ನೋಡಿದರೆ ಇದು ತಿಳಿದುಬಿಡುತ್ತದೆ. ಇನ್ನೊಂದು, ಆಟೊಕ್ಲೇವ್‌ನಲ್ಲಿ ಬಿಸಿ ಮತ್ತು ಒತ್ತಡ. 2009ರಲ್ಲಿ ಜಪಾನಿನ ರತ್ನಪರೀಕ್ಷಕರು ಇಂಥ ಹಸಿರು ಹರಳುಗಳನ್ನು ಪರೀಕ್ಷಿಸಿ, ಎಳೆಯ ಕೋಪಲ್ ಕೂಡ ಈ ಉಪಚಾರದಿಂದ ಅಂಬರ್‌ನ ಹಾಗೆ ಗಟ್ಟಿಯಾಗಬಲ್ಲದು ಎಂದು ತೋರಿಸಿದರು. ಹಾಗಾಗಿ ಇಲ್ಲಿ ‘ಸಹಜ’ ಎಂಬ ಮಾತು ಸಾಲದು. ರಾಳ ಸಹಜವೇ, ಬಣ್ಣವೂ ಸಹಜವೇ ಎಂದು ಎರಡು ಪ್ರಶ್ನೆಯನ್ನೂ ಬೇರೆಬೇರೆಯಾಗಿ ಕೇಳಿ, ಉತ್ತರವನ್ನು ರಸೀದಿಯಲ್ಲಿ ಬರೆಸಿಕೊಳ್ಳಿ. ಬಿಸಿ ಉಪಚಾರ ಪಾಪವಲ್ಲ, ಹೇಳದೆ ಮಾರುವುದು ತಪ್ಪು.

ನೀಲಿಯನ್ನು ನಂಬದವರೇ ಹೆಚ್ಚು, ಆದರೆ ಅದು ನಿಜ. ಡೊಮಿನಿಕನ್ ನೀಲಿ ಅಂಬರ್ ತುಂಡನ್ನು ಬಿಳಿ ಕಾಗದದ ಮೇಲಿಟ್ಟು ದೀಪ ಹಿಡಿದರೆ ಸಾಧಾರಣ ಕಂದುಹಳದಿ, ಎರಡನೆಯ ಸಲ ನೋಡಬೇಕೆನಿಸುವುದಿಲ್ಲ. ಅದೇ ತುಂಡನ್ನು ಕಪ್ಪು ಬಟ್ಟೆಯ ಮೇಲಿಟ್ಟು ಬಿಸಿಲಿಗೆ ತನ್ನಿ: ಮೇಲ್ಮೈಯುದ್ದಕ್ಕೂ ಆಕಾಶನೀಲಿ ಹರಡಿಕೊಳ್ಳುತ್ತದೆ, ಹೊಸ ಎಂಜಿನ್ ಎಣ್ಣೆಯ ಮೇಲೆ ಬಿಸಿಲು ಬಿದ್ದಾಗ ಕಾಣುವ ನೀಲಿಯ ಹಾಗೆ. ಹೋಲಿಕೆ ಸುಮ್ಮನೆ ಕೊಟ್ಟದ್ದಲ್ಲ. ಎರಡರಲ್ಲೂ ಉಂಗುರ ಉಂಗುರವಾಗಿ ಜೋಡಿಸಿದ ಹೈಡ್ರೊಕಾರ್ಬನ್ ಅಣುಗಳಿವೆ. ಅಂಬರ್‌ನಲ್ಲಿ ಪೆರಿಲೀನ್ ಬಗೆಯ ಅಣುಗಳು ಬಿಸಿಲಿನ ನೇರಳಾತೀತ ಕಿರಣವನ್ನು ಹೀರಿ ನೀಲಿ ಬೆಳಕಾಗಿ ಹೊರಗೆ ಬಿಡುತ್ತವೆ. ಇದು ಪ್ರತಿದೀಪ್ತಿ. ಕಪ್ಪು ಹಿನ್ನೆಲೆ ಒಳಹೊಕ್ಕ ಹಳದಿ ಬೆಳಕನ್ನು ನುಂಗಿಕೊಳ್ಳುವುದರಿಂದ ನೀಲಿ ಮಾತ್ರ ಉಳಿಯುತ್ತದೆ. ಸುಮಾತ್ರಾದ ಅಂಬರ್ ಕೂಡ ಹೀಗೆ ಹೊಳೆಯುತ್ತದೆ. ಬಿಳಿ ಕಾಗದದ ಮೇಲೆ, ಬೆಳಕು ಹಾಯಿಸಿದಾಗಲೂ ಗಾಢ ನೀಲಿಯಾಗಿಯೇ ಇರುವ ವಸ್ತು ಬಣ್ಣ ಹಾಕಿದ್ದು.

ಹಾಗಾದರೆ ಮೂಲ ಗೊತ್ತುಮಾಡುವುದು ಹೇಗೆ? ಅವಕೆಂಪು ರೋಹಿತದಿಂದ, ಅಂದರೆ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಲ್ಲಿ ಯಾವುದನ್ನು ವಸ್ತು ಎಷ್ಟು ಹೀರುತ್ತದೆ ಎಂದು ತೋರಿಸುವ ಗೆರೆನಕ್ಷೆಯಿಂದ. ಬಾಲ್ಟಿಕ್ ಅಂಬರ್‌ನಲ್ಲಿ ನೂರಕ್ಕೆ 3ರಿಂದ 8ರಷ್ಟು ಸಕ್ಸಿನಿಕ್ ಆಮ್ಲವಿರುತ್ತದೆ. ಅದರ ರೋಹಿತದಲ್ಲಿ ಇಳಿಜಾರಿನ ಮೇಲೆ ಹೆಗಲಿನಂಥ ಒಂದು ಸಮತಟ್ಟು ಕಾಣಿಸುತ್ತದೆ. ಬಾಲ್ಟಿಕ್ ಹೆಗಲು ಎಂದೇ ಅದಕ್ಕೆ ಹೆಸರು. 1960ರ ದಶಕದಲ್ಲಿ ರಸಾಯನತಜ್ಞ ಕರ್ಟ್ ಬೆಕ್ ಇದನ್ನೇ ಹಿಡಿದು ಗ್ರೀಸಿನ ಮೈಸೀನಿ ಕಾಲದ ಮಣಿಗಳು ಬಾಲ್ಟಿಕ್‌ನಿಂದ ಬಂದವೆಂದು ತೋರಿಸಿದರು. ಮೂರು ಸಾವಿರ ವರ್ಷಕ್ಕೂ ಹಳೆಯ ಆ ಮಣಿಗಳ ಬಣ್ಣ ಯಾವತ್ತೋ ಬದಲಾಗಿತ್ತು, ರೋಹಿತ ಬದಲಾಗಿರಲಿಲ್ಲ.

ಮನೆಯಲ್ಲಿ ಮಾಡಬಹುದಾದ ಪರೀಕ್ಷೆಗಳೂ ಇವೆ. ನೀರಿಗೆ ಇನ್ನು ಕರಗದು ಎನ್ನುವಷ್ಟು ಉಪ್ಪು ಹಾಕಿ ಬಿಡಿ ಮಣಿ ಬಿಟ್ಟರೆ ಅಂಬರ್ ತೇಲುತ್ತದೆ, ಬೇಕಲೈಟ್ ಎಂಬ ಹಳೆಯ ಬಗೆಯ ಪ್ಲಾಸ್ಟಿಕ್ ಮುಳುಗುತ್ತದೆ. ಕೋಪಲ್ಲೂ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕೂ ತೇಲುತ್ತವೆ, ಆದ್ದರಿಂದ ಇದು ಅರ್ಧ ಉತ್ತರ. ಉಜ್ಜಿ ಕಾಗದ ಎಳೆಯುವ ಪರೀಕ್ಷೆ ಪ್ಲಾಸ್ಟಿಕ್ ಮುಂದೆ ಸೋಲುತ್ತದೆ, ಏಕೆಂದರೆ ಅದೂ ಎಳೆಯುತ್ತದೆ. ಕಣ್ಣಿಗೆ ಬೀಳದ ಕಡೆ ಒಂದು ಹನಿ ಅಸಿಟೋನ್ ಇಟ್ಟರೆ ಕೋಪಲ್ ಅಂಟಂಟಾಗುತ್ತದೆ, ಮಾಗಿದ ಅಂಬರ್ ಹಾಗಾಗುವುದಿಲ್ಲ. ಕಾಯಿಸಿದ ಸೂಜಿ ಚುಚ್ಚಿ ವಾಸನೆ ನೋಡುವುದನ್ನು ಮಾತ್ರ ಮಾಡಬೇಡಿ, ಗಾಯ ಶಾಶ್ವತ. ಇವೆಲ್ಲ ದಾಟಿಯೂ ಒತ್ತಿಮಾಡಿದ ಅಂಬರ್ ಪಾಸಾಗುತ್ತದೆ, ಏಕೆಂದರೆ ಅದು ಸಣ್ಣ ಅಸಲಿ ಚೂರುಗಳನ್ನು ಬಿಸಿಮಾಡಿ ಒತ್ತಿ ಕೂಡಿಸಿದ್ದು. ಭೂತಗನ್ನಡಿಯಲ್ಲಿ ಚೂರುಗಳ ಅಂಚು, ಒಂದೇ ಕಡೆಗೆ ಎಳೆದಂತಿರುವ ಉದ್ದ ಗುಳ್ಳೆ ಕಂಡರೆ ಸಂಶಯಪಡಬೇಕು.

ಒಳಗೆ ಕೀಟವಿದೆ, ಹಾಗಾಗಿ ಅಸಲಿ ಎಂಬ ಮಾತಿಗೂ ಮರುಳಾಗಬೇಡಿ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ಬಾಲ್ಟಿಕ್ ಅಂಬರ್‌ನೊಳಗಿನ ನೊಣವೊಂದನ್ನು ದಶಕಗಳ ಕಾಲ ತಜ್ಞರೇ ಪಳೆಯುಳಿಕೆ ಎಂದು ನಂಬಿದ್ದರು. 1993ರಲ್ಲಿ ಸಂಶೋಧಕ ಆಂಡ್ರ್ಯೂ ರಾಸ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾಗ ದೀಪದ ಬಿಸಿಗೆ ಅದರ ಸುತ್ತ ಬಿರುಕು ಕಂಡಿತು. ಯಾರೋ ಅಂಬರನ್ನು ಎರಡು ಹೋಳು ಮಾಡಿ, ಕೊರೆದು, ಇಂದಿನ ಕಾಲದ ನೊಣವನ್ನು ಕೂರಿಸಿ ಮುಚ್ಚಿದ್ದರು.

ನಿಮ್ಮ ಸರದ ವಿಚಾರಕ್ಕೆ ಬಂದರೆ, ಅದನ್ನು ಎದುರಿಗಿಟ್ಟು ನೋಡದೆ ತೀರ್ಪು ಕೊಡಲಾರೆ. ನೀವೇ ನೋಡಬಹುದಾದ ಒಂದು ಜಾಗ ಹೇಳುತ್ತೇನೆ. ಆ ಕೆಂಪು ಮಣಿಯ ದಾರದ ರಂಧ್ರದ ಬಾಯನ್ನು ಹತ್ತು ಪಟ್ಟು ಹಿಗ್ಗಿಸುವ ಲೆನ್ಸ್‌ನಲ್ಲಿ ನೋಡಿ. ವರ್ಷಗಟ್ಟಲೆ ಪಕ್ಕದ ಮಣಿ ಉಜ್ಜಿ ಅಲ್ಲಿ ಪೊರೆ ಸವೆದಿರುತ್ತದೆ. ಸವೆದಲ್ಲಿ ಹಳದಿ ಇಣುಕಿದರೆ ಕೆಂಪು ಮೇಲಿನ ಪೊರೆಯದು, ಕಾಲದಿಂದಲೋ ಒಲೆಯಿಂದಲೋ ಬಂದದ್ದು. ಪೊರೆಯ ತುಂಬ ಬಿರುಕುಬಲೆ ಇದ್ದು ಪಕ್ಕದ ಮಣಿಗಳೂ ಅಲ್ಲಲ್ಲಿ ಕಿತ್ತಳೆಯಾಗಿದ್ದರೆ ಕಾಲದ್ದೇ ಎನ್ನಲು ಹೆಚ್ಚು ಕಾರಣವಿದೆ. ಒಳಗಿನವರೆಗೂ ಒಂದೇ ಸಮ ಕೆಂಪಾಗಿದ್ದರೆ ಬೇಕಲೈಟ್ ಇರಬಹುದು, ಆಗ ಉಪ್ಪುನೀರು ಹೇಳುತ್ತದೆ. ಏನೇ ಆಗಲಿ, ಹೊಳಪು ಕೊಡಿಸಲು ಅದನ್ನು ಯಾರ ಕೈಗೂ ಕೊಡಬೇಡಿ, ಪೊರೆ ಹೋದರೆ ಆ ಕೆಂಪು ಮತ್ತೆ ಬರಲು ಇನ್ನೊಂದೆರಡು ತಲೆಮಾರು ಬೇಕು. ಅತ್ತರು, ಕೂದಲಿನ ಸ್ಪ್ರೇ ತಾಗಿಸಬೇಡಿ. ಹಳೆಯ ದಾರ ಬದಲಿಸುವಾಗ ಎರಡು ಮಣಿಗಳ ನಡುವೆ ಒಂದೊಂದು ಗಂಟು ಹಾಕಿಸಿ.